ಫೋನ್ ಹೋಲಿಸುತ್ತ ಇಂಗ್ಲಿಷ್ ಕಲಿಯುವುದು ಹೇಗೆ?

ಪಿಯುಸಿ ಫಲಿತಾಂಶ ಬಂತೆಂದರೆ ಕಲಬುರಗಿ ಕಡೆಯ ಬಹಳಷ್ಟು ಮನೆಗಳಲ್ಲಿ ಎರಡು ಖರ್ಚು ಒಟ್ಟಿಗೇ ಎದುರಾಗುತ್ತವೆ. ಮಗನಿಗೋ ಮಗಳಿಗೋ ಒಂದು ಟಚ್‌ಸ್ಕ್ರೀನ್ ಫೋನು, ಅದರ ಬೆನ್ನಿಗೇ ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಫೀಸು. ತೊಗರಿ ಮಾರಿ ಬಂದ ರೊಕ್ಕದಲ್ಲಿ ಎರಡನ್ನೂ ತೂಗಿಸುವುದು ಸುಲಭವಲ್ಲ. ಫೋನನ್ನು ನೋಡಿ, ತಿಳಿದು ಆರಿಸಿದರೆ ಎರಡನೆಯ ಖರ್ಚಿನ ಬಹುಪಾಲು ಉಳಿಸಬಹುದು. ಫೋನ್ ಆರಿಸುವ ಕೆಲಸವನ್ನೇ ಇಂಗ್ಲಿಷಿನ ಮೊದಲ ಪಾಠ ಮಾಡಿಕೊಳ್ಳಲೂಬಹುದು. ಗೈಡಿನಲ್ಲಿ ಬಾಯಿಪಾಠ ಮಾಡಿದ ‘ಬ್ರೈಟರ್’, ‘ಲಾಸ್ಟ್ಸ್ ಲಾಂಗರ್’ ಪರೀಕ್ಷೆ ಮುಗಿದ ದಿನವೇ ಮರೆತುಹೋಗುತ್ತವೆ. ತಮ್ಮದೇ ಹದಿನೈದು ಸಾವಿರ ರೂಪಾಯಿ ಯಾವ ಫೋನಿಗೆ ಹಾಕಬೇಕು ಎಂದು ಹುಡುಕುವಾಗ ಓದಿದ ಅವೇ ಪದಗಳು ತಲೆಯಲ್ಲಿ ಉಳಿಯುತ್ತವೆ.

ಮೊದಲ ಹೆಜ್ಜೆ: ನೀವು ಯಾವ ಮೆಟ್ಟಿಲ ಮೇಲಿದ್ದೀರಿ?

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಯಾರದ್ದಾದರೂ ಫೋನನ್ನು ಒಂದು ತಾಸು ಕೇಳಿ ಪಡೆಯಿರಿ. ಕೇಂಬ್ರಿಜ್ ಇಂಗ್ಲಿಷ್ ಜಾಲತಾಣದಲ್ಲಿ ‘ಟೆಸ್ಟ್ ಯುವರ್ ಇಂಗ್ಲಿಷ್’ ಎಂಬ 25 ಪ್ರಶ್ನೆಗಳ ಉಚಿತ ಪರೀಕ್ಷೆ ಇದೆ. ಅದನ್ನು ಯಾರ ಸಹಾಯವೂ ಇಲ್ಲದೆ ಬರೆಯಿರಿ. ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಭಾಷೆಗೆ ಆರು ಮಟ್ಟಗಳಿವೆ: ಎ1, ಎ2, ಬಿ1, ಬಿ2, ಸಿ1, ಸಿ2. ಪರೀಕ್ಷೆಯ ಕೊನೆಗೆ ನಿಮ್ಮ ಮಟ್ಟದ ಅಂದಾಜು ಸಿಗುತ್ತದೆ. ಎ2 ಎಂದರೆ ಅಂಗಡಿ, ಬಸ್ ನಿಲ್ದಾಣದ ಮಟ್ಟಿಗಿನ ಮಾತು. ಬಿ1 ಎಂದರೆ ನಿಮ್ಮ ಊರು, ಓದು, ಕೆಲಸದ ಬಗ್ಗೆ ಸರಳ ವಾಕ್ಯಗಳಲ್ಲಿ ಹೇಳುವ ಶಕ್ತಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಎ2 ಬಂದರೆ ನಾಚುವ ಕಾರಣವೇ ಇಲ್ಲ. ಬಂದ ಮಟ್ಟವನ್ನು, ಪರೀಕ್ಷೆ ಬರೆದ ತಾರೀಖಿನ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಎರಡನೆಯ ಹೆಜ್ಜೆ: ಪಾಠ ಎಲ್ಲಿಂದ?

ಉಚಿತ ಪಾಠಗಳಿಗೆ ಬರವಿಲ್ಲ. ಹತ್ತು ಆ್ಯಪ್ ಇಳಿಸಿಕೊಂಡು ಒಂದನ್ನೂ ಮುಗಿಸದವರೇ ಹೆಚ್ಚು. ನನ್ನನ್ನು ಕೇಳಿದರೆ ಮೂರು ಸಾಕು.

ಕೇಳುವುದಕ್ಕೆ ಬಿಬಿಸಿಯ ‘ಸಿಕ್ಸ್ ಮಿನಿಟ್ ಇಂಗ್ಲಿಷ್’. ಬಿಬಿಸಿ 1943ರಿಂದ ಜಗತ್ತಿಗೆ ಇಂಗ್ಲಿಷ್ ಕಲಿಸುತ್ತ ಬಂದಿದೆ. ಈ ಕಾರ್ಯಕ್ರಮದ ಪ್ರತಿ ಕಂತು ಸುಮಾರು ಆರು ನಿಮಿಷದ್ದು. ಮಾತೆಲ್ಲ ಬರಹದಲ್ಲೂ ಸಿಗುತ್ತದೆ, ಹೊಸ ಪದಗಳ ಅರ್ಥವೂ ಇರುತ್ತದೆ. ಒಂದೇ ಕಂತನ್ನು ಮೂರು ಸಲ ಕೇಳಿ. ಮೊದಲ ಸಲ ಬರಹ ನೋಡಬೇಡಿ, ಅರ್ಧ ತಿಳಿದರೂ ಸಾಕು. ಎರಡನೆಯ ಸಲ ಬರಹದ ಮೇಲೆ ಬೆರಳಿಟ್ಟು ಕೇಳಿ. ಮೂರನೆಯ ಸಲ ಒಂದೊಂದು ವಾಕ್ಯಕ್ಕೂ ನಿಲ್ಲಿಸಿ, ಅದೇ ಏರಿಳಿತದಲ್ಲಿ ಗಟ್ಟಿಯಾಗಿ ನುಡಿಯಿರಿ. ದಿನಕ್ಕೊಂದು ಹೊಸ ಕಂತು ಕೇಳುವವರಿಗಿಂತ ವಾರಕ್ಕೆರಡನ್ನು ಹೀಗೆ ಅರೆದು ಕುಡಿದವರು ಬೇಗ ಮಾತಾಡುತ್ತಾರೆ. ಇದು ಬರೀ ಧ್ವನಿಯಾದ್ದರಿಂದ ವಿಡಿಯೊಗಿಂತ ಡೇಟಾ ಬಹಳ ಕಡಿಮೆ ಬೇಕು. ಚಿಂಚೋಳಿಯ ಕಾಡಂಚಿನ ತಾಂಡಾದಲ್ಲಿರುವವರು ತಾಲ್ಲೂಕು ಕೇಂದ್ರಕ್ಕೆ ಬಂದಾಗ ಒಂದು ವಾರಕ್ಕಾಗುವಷ್ಟು ಇಳಿಸಿಕೊಂಡು ಹೋಗಬಹುದು.

ವ್ಯಾಕರಣ ಮತ್ತು ಅಭ್ಯಾಸಕ್ಕೆ ಬ್ರಿಟಿಷ್ ಕೌನ್ಸಿಲ್‌ನ ‘ಲರ್ನ್ ಇಂಗ್ಲಿಷ್’ ತಾಣ. ಅಲ್ಲಿ ಪಾಠಗಳನ್ನು ಎ1, ಎ2 ಎಂದು ಮಟ್ಟದ ಪ್ರಕಾರವೇ ಜೋಡಿಸಿದ್ದಾರೆ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಮಟ್ಟ ಇಲ್ಲಿ ಕೆಲಸಕ್ಕೆ ಬರುತ್ತದೆ.

ಓದುವುದಕ್ಕೆ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’. ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತದೆ. ಮಕ್ಕಳ ಕಥೆಗಳೆಂದು ದೊಡ್ಡವರು ಮೂಗು ಮುರಿಯಬಾರದು. ಸಣ್ಣ ವಾಕ್ಯ ಕಟ್ಟುವುದನ್ನು ಅಷ್ಟು ಚೆನ್ನಾಗಿ ಕಲಿಸುವ ಬೇರೆ ಪುಸ್ತಕ ಕಾಣೆ. ಹೇಳಬೇಕಾದ ಕನ್ನಡ ಪದಕ್ಕೆ ಇಂಗ್ಲಿಷ್ ಪದ ಬೇಕಾದಾಗ ‘ಅಲರ್’ ನಿಘಂಟು ತೆರೆಯಿರಿ. ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ಕೂತು ಕಟ್ಟಿದ ಈ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಒಂದೂವರೆ ಲಕ್ಷದಷ್ಟು ಪದಗಳಿವೆ. 2019ರಿಂದ ಅದು ಎಲ್ಲರಿಗೂ ಮುಕ್ತ. ನೋಡಿದಾಗಲೆಲ್ಲ ಕೃತಜ್ಞತೆ ಮೂಡುತ್ತದೆ.

ಇನ್ನು ಉಚ್ಚಾರ. ಕಲಬುರಗಿ, ಬೀದರ್, ಯಾದಗಿರಿಯವರಿಗೆ ಇಲ್ಲೊಂದು ಅನುಕೂಲವಿದೆ, ಅದನ್ನು ಯಾರೂ ಎಣಿಸುವುದಿಲ್ಲ. ದಖನಿ ಉರ್ದು ಕೇಳುತ್ತ ಬೆಳೆದ ನಮ್ಮ ಕಿವಿಗೆ ‘ಜ಼ಮೀನ್’, ‘ಫ಼ಕೀರ್’ ಪದಗಳ ಜ಼, ಫ಼ ಧ್ವನಿಗಳು ಹೊಸವಲ್ಲ. ‘ಝೀರೋ’, ‘ಫೈಲ್’ ಎನ್ನುವಾಗ ಬೇಕಾದದ್ದು ಅವೇ. ತೊಡಕಿರುವುದು ಬೇರೆ ಕಡೆ: ಎ, ಒ ಸ್ವರದಿಂದ ಶುರುವಾಗುವ ಪದಕ್ಕೆ ನಾವು ಮುಂದೆ ಯಕಾರ, ವಕಾರ ಹಚ್ಚುತ್ತೇವೆ. ‘ಎವ್ರಿ’ ಹೋಗಿ ‘ಯೆವ್ರಿ’ ಆಗುತ್ತದೆ, ‘ಓನ್ಲಿ’ ‘ವೋನ್ಲಿ’ ಆಗುತ್ತದೆ. ಇದನ್ನು ತಿದ್ದಲು ಫೋನಿನ ಕೀಲಿಮಣೆಯಲ್ಲೇ ಒಂದು ಉಪಾಯವಿದೆ. ವಾಯ್ಸ್ ಟೈಪಿಂಗ್ ಭಾಷೆಯನ್ನು ಭಾರತೀಯ ಇಂಗ್ಲಿಷ್‌ಗೆ ಇಟ್ಟು ಒಂದು ವಾಕ್ಯ ಹೇಳಿ, ಪರದೆಯ ಮೇಲೆ ಮೂಡಿದ್ದನ್ನು ಓದಿ. ನೀವು ಹೇಳಿದ್ದು ಒಂದು, ಬಂದದ್ದು ಇನ್ನೊಂದು ಆದರೆ ಅದೇ ವಾಕ್ಯವನ್ನು ನಿಧಾನವಾಗಿ ಮತ್ತೆ ಹೇಳಿ. ಯಾರೂ ನಗದ ಜಾಗದಲ್ಲಿ ತಪ್ಪು ಮಾಡುವ ಅವಕಾಶ ಇದು. ಕ್ಲಾಸಿನಲ್ಲಿ ಬಾಯಿಬಿಡಲು ಹೆದರುವ ಹೆಣ್ಣುಮಕ್ಕಳಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ. ಎದುರು ಮಾತಾಡುವ ಜೊತೆಗಾರ ಬೇಕೆಂದರೆ ಗೂಗಲ್‌ನ ‘ಜೆಮಿನಿ ಲೈವ್’ ಎಂಬ, ಮಾತಿಗೆ ಮಾತು ಕೊಡುವ ಕೃತಕ ಬುದ್ಧಿಮತ್ತೆಯ (ಎಐ) ಸಹಾಯಕ ಇದೆ, ಅದಕ್ಕೆ ಕನ್ನಡವೂ ಗೊತ್ತು. ವ್ಯಾಕರಣದ ವಿವರಣೆಯಲ್ಲಿ ಅದು ತಪ್ಪಬಹುದು, ನಿಘಂಟಿನಲ್ಲಿ ತಾಳೆ ನೋಡಿ. ಆಧಾರ್, ಬ್ಯಾಂಕ್ ವಿವರ ಅದರ ಮುಂದೆ ಹೇಳಬೇಡಿ.

ಮೂರನೆಯ ಹೆಜ್ಜೆ: ಫೋನ್‌ಗಳನ್ನು ಎದುರುಬದುರು ಇಡಿ

2007ರ ಜನವರಿಯಲ್ಲಿ ಆ್ಯಪಲ್ ಐಫೋನ್ ತೋರಿಸಿತು. ಮರುವರ್ಷ ಎಚ್‌ಟಿಸಿ ಕಂಪನಿಯ ಮೊದಲ ಆ್ಯಂಡ್ರಾಯ್ಡ್ ಫೋನ್ ಬಂತು. ಪೈಪೋಟಿ ಇವತ್ತಿಗೂ ಆ ಎರಡರ ನಡುವೆಯೇ. ಮೇಲೆ ಹೇಳಿದ ಪಾಠಗಳೆಲ್ಲ ಎರಡರಲ್ಲೂ ನಡೆಯುತ್ತವೆ. ಹೀಗಾಗಿ ಕಲಿಯುವುದಕ್ಕೆಂದೇ ಐಫೋನಿಗೆ ಸಾಲ ಮಾಡಬೇಕಿಲ್ಲ.

ಫೋನ್‌ಗಳ ವಿವರ, ವಿಮರ್ಶೆ ಕೊಡುವ ಜಿಎಸ್‌ಎಂ ಅರೆನಾ ತಾಣದಲ್ಲಿ ‘ಕಂಪೇರ್’ ಒತ್ತಿ, ನಿಮ್ಮ ಬಜೆಟ್ಟಿನ ಮೂರು ಮಾದರಿಗಳನ್ನು ಪಕ್ಕಪಕ್ಕ ತನ್ನಿ. ಹೆಸರು ಪೂರ್ತಿ ಓದಿ. ಒಂದೇ ಹೆಸರಿನ 4ಜಿ ಮತ್ತು 5ಜಿ ಫೋನ್‌ಗಳು ಒಳಗಿನಿಂದ ಬೇರೆಯೇ ಇರುತ್ತವೆ. ಪಟ್ಟಿ ಉದ್ದವಿದೆಯೆಂದು ಹೆದರಬೇಡಿ. ಕ್ಯಾಮೆರಾದ ಮೆಗಾಪಿಕ್ಸೆಲ್ ಸಾಲನ್ನು ದಾಟಿ ಮುಂದೆ ಹೋಗಿ, ಕಲಿಕೆಗೆ ಅದರಿಂದ ಲಾಭವಿಲ್ಲ.

ನಿಲ್ಲಬೇಕಾದ ಮೊದಲ ಸಾಲು ಪರದೆಯ ಬೆಳಕು. ಅದನ್ನು ‘ನಿಟ್ಸ್’ ಎಂಬ ಅಳತೆಯಲ್ಲಿ ಕೊಟ್ಟಿರುತ್ತಾರೆ. ಜಾಹೀರಾತಿನ ದೊಡ್ಡ ಅಂಕಿ ಬಹಳ ಸಲ ‘ಪೀಕ್’, ಅಂದರೆ ಪರದೆಯ ಸಣ್ಣ ಭಾಗ ಕ್ಷಣಹೊತ್ತು ತಲುಪುವ ಬೆಳಕು. ನಮಗೆ ಬೇಕಾದದ್ದು ‘ಎಚ್‌ಬಿಎಂ’ ಎಂದು ಬರೆದ ಅಂಕಿ, ಬಿಸಿಲಲ್ಲಿ ಇಡೀ ಪರದೆ ಕೊಡುವ ಬೆಳಕು. ಕಲಬುರಗಿಯ ಸೂಪರ್ ಮಾರ್ಕೆಟ್ ಬಸ್ ಸ್ಟಾಪಿನಲ್ಲಿ ನಿಂತು ಓದುವವರಿಗೆ ಈ ವ್ಯತ್ಯಾಸ ದೊಡ್ಡದು.

ಎರಡನೆಯದು ಶಾಖ ಮತ್ತು ಬ್ಯಾಟರಿ. ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬುದನ್ನು ‘ಎಂಎಎಚ್’ನಲ್ಲಿ ಅಳೆಯುತ್ತಾರೆ. 5000 ಎಂಎಎಚ್ ಈಗ ಸಾಮಾನ್ಯವಾಗಿ ಸಿಗುತ್ತದೆ, ಅದಕ್ಕಿಂತ ಕಡಿಮೆ ಬೇಡ. ಲಿಥಿಯಂ ಬ್ಯಾಟರಿ ಶಾಖದಲ್ಲಿ ಬೇಗ ಮುದಿಯಾಗುತ್ತದೆ. ತನ್ನ ಫೋನ್‌ಗಳನ್ನು 0ರಿಂದ 35 ಡಿಗ್ರಿ ಸೆಲ್ಸಿಯಸ್ ವಾತಾವರಣದಲ್ಲಿ ಬಳಸಿ ಎಂದು ಆ್ಯಪಲ್ಲೇ ಹೇಳುತ್ತದೆ. ಕಲಬುರಗಿಯ ಮೇ ತಿಂಗಳು 40 ದಾಟುತ್ತದೆ. ಎಷ್ಟು ರೊಕ್ಕ ಕೊಟ್ಟು ತಂದ ಫೋನಾದರೂ ಮಧ್ಯಾಹ್ನದ ಜಳದಲ್ಲಿ ಚಾರ್ಜಿಗೆ ಹಚ್ಚಿ ವಿಡಿಯೊ ನೋಡುವ ರೂಢಿ ಬೇಡ.

ಮೂರನೆಯದು ಮೆಮೊರಿ. ರ್‍ಯಾಮ್ ಎಂದರೆ ತೆರೆದ ಆ್ಯಪ್‌ಗಳು ಓಡುವ ಜಾಗ, ಸ್ಟೋರೇಜ್ ಎಂದರೆ ಫೈಲುಗಳು ಉಳಿಯುವ ಜಾಗ. ‘8 ಜಿಬಿ ರ್‍ಯಾಮ್’ ಎಂದು ಡಬ್ಬಿಯ ಮೇಲಿದ್ದರೆ ಕೆಳಗಿನ ಸಣ್ಣ ಅಕ್ಷರ ಓದಿ. 4 ಜಿಬಿ ನಿಜವಾದ ರ್‍ಯಾಮ್, ಉಳಿದ 4 ಜಿಬಿ ಸ್ಟೋರೇಜಿನಿಂದ ಎರವಲು ಎಂದು ಇರಬಹುದು. ಎರವಲಿನದು ನಿಧಾನ. ಸ್ಟೋರೇಜ್ 128 ಜಿಬಿ ಇರಲಿ, ಅದರ ಎರಡು ಬಗೆಗಳಲ್ಲಿ ‘ಇಎಂಎಂಸಿ’ಗಿಂತ ‘ಯುಎಫ್‌ಎಸ್’ ವೇಗದ್ದು.

ಪಟ್ಟಿಯ ಮೇಲ್ಭಾಗದಲ್ಲೇ ಇರುವ ನೆಟ್‌ವರ್ಕ್ ಸಾಲನ್ನು ನಮ್ಮ ಹಳ್ಳಿಗಳವರು ಬಿಡಬಾರದು. ಶಹಾಬಾದ್ ಕಲ್ಲಿನ ದಪ್ಪ ಗೋಡೆ ಬೇಸಿಗೆಯಲ್ಲಿ ತಂಪು ಕೊಡುತ್ತದೆ, ಜೊತೆಗೆ ಸಿಗ್ನಲ್ಲನ್ನೂ ತಡೆಯುತ್ತದೆ. ಕಡಿಮೆ ಆವರ್ತನದ (ಫ್ರೀಕ್ವೆನ್ಸಿಯ) ಅಲೆಗಳು ಗೋಡೆಯನ್ನು ಹೆಚ್ಚು ಚೆನ್ನಾಗಿ ದಾಟುತ್ತವೆ. ಜಿಯೊದ 5ಜಿ ಬಳಸುವ 700 ಮೆಗಾಹರ್ಟ್ಸ್‌ನ ‘ಎನ್28’ ಬ್ಯಾಂಡ್ ಅಂಥದ್ದು. ಜಿಯೊ ಸಿಮ್ ಇರುವವರು ಆ ಹೆಸರು, ಅಥವಾ ಬರೀ 28 ಎಂಬ ಅಂಕಿ, 5ಜಿ ಬ್ಯಾಂಡ್‌ಗಳ ಸಾಲಿನಲ್ಲಿದೆಯೇ ನೋಡಿ. ನಿಮ್ಮ ಮನೆಯೊಳಗೆ ಯಾವ ಕಂಪನಿಯ ಸಿಗ್ನಲ್ ನಿಲ್ಲುತ್ತದೆ ಎಂದು ಪಕ್ಕದ ಮನೆಯವರನ್ನು ಮೊದಲೇ ಕೇಳಿಕೊಳ್ಳಿ.

ಇಯರ್‌ಫೋನ್ ಸಿಕ್ಕಿಸುವ 3.5 ಎಂಎಂ ರಂಧ್ರವಿದ್ದರೆ ಅಗ್ಗದ ತಂತಿ ಇಯರ್‌ಫೋನಿನಲ್ಲೇ ಪಾಠ ಸ್ಪಷ್ಟವಾಗಿ ಕೇಳುತ್ತದೆ. ‘ಐಪಿ64’ ಎಂದಿದ್ದರೆ ಮೊದಲ ಅಂಕಿ ದೂಳಿನದು, ಎರಡನೆಯದು ನೀರಿನದು. ತೊಗರಿ ರಾಶಿಯ ಕಣದಲ್ಲಿ, ಕಲ್ಲಿನ ಗಣಿಯಲ್ಲಿ ದುಡಿಯುವವರಿಗೆ ಮೊದಲ ಅಂಕಿಯೇ ಮುಖ್ಯ. ಎಷ್ಟು ವರ್ಷ ಸೆಕ್ಯೂರಿಟಿ ಅಪ್‌ಡೇಟ್ ಕೊಡುತ್ತಾರೆ ಎಂಬುದನ್ನೂ ಹುಡುಕಿ. ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎ16ಗೆ ಆರು ವರ್ಷ ಎಂದಿದೆ, ಗೂಗಲ್ ಪಿಕ್ಸೆಲ್ 8ಕ್ಕೆ ಏಳು. ಬ್ಯಾಂಕ್ ಆ್ಯಪ್ ಇಟ್ಟುಕೊಳ್ಳುವ ಫೋನಿಗೆ ಇದು ಕ್ಯಾಮೆರಾಕ್ಕಿಂತ ದೊಡ್ಡ ವಿಷಯ.

ನಾಲ್ಕನೆಯ ಹೆಜ್ಜೆ: ಹೋಲಿಕೆಯನ್ನು ಇಂಗ್ಲಿಷಿನಲ್ಲಿ ಬರೆಯಿರಿ

ಈಗ ನೋಟ್‌ಬುಕ್ ಮತ್ತೆ ತೆಗೆಯಿರಿ. ನೋಡಿದ ಪ್ರತಿ ಸಾಲಿಗೂ ಒಂದೊಂದು ವಾಕ್ಯ: ‘ದಿ ಫಸ್ಟ್ ಫೋನ್ ಈಸ್ ಬ್ರೈಟರ್ ದ್ಯಾನ್ ದಿ ಸೆಕೆಂಡ್.’ ‘ದಿ ಥರ್ಡ್ ಹ್ಯಾಸ್ ದಿ ಬಿಗ್ಗೆಸ್ಟ್ ಬ್ಯಾಟರಿ.’ ಎರಡನ್ನು ಹೋಲಿಸುವಾಗ ‘ದ್ಯಾನ್’, ಎಲ್ಲಕ್ಕಿಂತ ಮೇಲೆನ್ನುವಾಗ ‘ದಿ’ ಮತ್ತು ‘ಎಸ್ಟ್’. ಕನ್ನಡದಲ್ಲಿ ‘ಗಿಂತ’ ಹಚ್ಚಿದರೆ ಸಾಕು, ಗುಣವಾಚಕ ಬದಲಾಗುವುದಿಲ್ಲ. ಹಾಗಾಗಿ ನಮ್ಮವರು ‘ಮೋರ್ ಬ್ರೈಟರ್’ ಎಂದು ಎರಡೆರಡು ಸಲ ಹೇಳಿಬಿಡುತ್ತಾರೆ. ಕ್ರಿಯಾಪದ ಕೊನೆಗೆ ಬರದೆ ನಡುವೆ ಬರಬೇಕೆಂಬುದೂ ಹತ್ತು ವಾಕ್ಯ ಬರೆಯುವಷ್ಟರಲ್ಲಿ ಕೈಗೆ ಹತ್ತುತ್ತದೆ. ಆಮೇಲೆ ಜಿಎಸ್‌ಎಂ ಅರೆನಾ ತಾಣದಲ್ಲೇ ಒಂದು ಫೋನಿನ ಪೂರ್ತಿ ವಿಮರ್ಶೆ ಓದಿ. ‘ಆಲ್ದೋ’, ‘ಹವೆವರ್’, ‘ಕಂಪೇರ್ಡ್ ಟು’ ಬಂದಲ್ಲೆಲ್ಲ ಗೆರೆ ಹಾಕಿ. ಸಂದರ್ಶನದಲ್ಲಿ ಒಂದು ಅಭಿಪ್ರಾಯವನ್ನು ತೂಗಿ ಹೇಳುವಾಗ ಬೇಕಾಗುವ ಜೋಡಣೆಯ ಪದಗಳು ಇವೇ.

ಐದನೆಯ ಹೆಜ್ಜೆ: ಅಂಗಡಿಯಲ್ಲಿ

‘ಇದು ಛಲೋ ಅದ, ಇದೇ ಒಯ್ರಿ’ ಎಂಬ ಒತ್ತಾಯಕ್ಕೆ ನಿಮ್ಮ ಪಟ್ಟಿಯೇ ಉತ್ತರ. ಪ್ರದರ್ಶನಕ್ಕಿಟ್ಟ ಫೋನನ್ನು ಬಾಗಿಲಾಚೆ ಬಿಸಿಲಿಗೆ ಹಿಡಿದು ನೋಡಲು ಕೇಳಿ. ರೆಕಾರ್ಡರ್ ತೆರೆದು ಎರಡು ವಾಕ್ಯ ಮಾತಾಡಿ, ಕೇಳಿ. ಮೈಕಿನ ಗುಣ ಅಲ್ಲೇ ತಿಳಿಯುತ್ತದೆ. ಬೀದರಿನವರು ಹೈದರಾಬಾದಿಗೆ ಹೋಗಿ ಕೊಂಡರೆ ದುರಸ್ತಿಗೂ ಅಲ್ಲಿಗೇ ಅಲೆಯಬೇಕೇ, ಅಥವಾ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಊರಲ್ಲೇ ಇದೆಯೇ ಎಂದು ಮೊದಲೇ ವಿಚಾರಿಸಲಿ. ಜಿಎಸ್‌ಟಿ ಬಿಲ್ ಇಲ್ಲದೆ ಹಣ ಕೊಡಬೇಡಿ.

ಹಳೆಯ ಫೋನ್ ಕೊಳ್ಳುವವರು *#06# ಒತ್ತಿದರೆ 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ ಬರುತ್ತದೆ. ಇಂಗ್ಲಿಷಿನಲ್ಲಿ ಕೆವೈಎಂ ಎಂದು ಟೈಪ್ ಮಾಡಿ, ಜಾಗ ಬಿಟ್ಟು ಆ ಸಂಖ್ಯೆ ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿ, ಅಥವಾ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನೋಡಿ. ‘ಬ್ಲ್ಯಾಕ್ ಲಿಸ್ಟೆಡ್’, ‘ಡುಪ್ಲಿಕೇಟ್’, ‘ಆಲ್ರೆಡಿ ಇನ್ ಯೂಸ್’ ಇವುಗಳಲ್ಲಿ ಯಾವುದು ಬಂದರೂ ಕೊಳ್ಳಬೇಡಿ, ಎಷ್ಟೇ ಅಗ್ಗವಿರಲಿ.

ಕೊಂಡ ಮೇಲೆ

ಹದಿನೈದು ದಿನ ಬಳಸಿದ ನಂತರ ಆ ಫೋನಿನ ಬಗ್ಗೆ ನೀವೇ ಇಂಗ್ಲಿಷಿನಲ್ಲಿ ಎಂಟು ಸಾಲು ಬರೆಯಿರಿ: ಯಾವುದು ಹೇಳಿದಂತೆ ಇದೆ, ಯಾವುದು ಇಲ್ಲ, ಬ್ಯಾಟರಿ ಸಂಜೆಗೆ ಎಷ್ಟು ಉಳಿಯುತ್ತದೆ. ಅದನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ, ತಾರೀಖು ಹಾಕಿ ಇಟ್ಟುಕೊಳ್ಳಿ. ಕೊಂಡ ತಾಣದಲ್ಲಿ ವಿಮರ್ಶೆಯಾಗಿ ಹಾಕಿದರೂ ನಡೆಯುತ್ತದೆ, ಮುಂದೆ ಕೊಳ್ಳುವ ಯಾರಿಗೋ ಅನುಕೂಲ. ಮೂರು ತಿಂಗಳಿಗೆ ಕೇಂಬ್ರಿಜ್‌ನ ಆ 25 ಪ್ರಶ್ನೆಗಳಿಗೆ ಮತ್ತೆ ಉತ್ತರಿಸಿ. ಮಟ್ಟ ಏರಿದ್ದರೆ ಬ್ರಿಟಿಷ್ ಕೌನ್ಸಿಲ್ ತಾಣದಲ್ಲಿ ಮುಂದಿನ ಮಟ್ಟಕ್ಕೆ ಹೋಗಿ. ಏರದಿದ್ದರೆ ಅದೇ ಮಟ್ಟದ ಕೇಳುವ ಪಾಠಗಳನ್ನು ಇನ್ನೊಂದು ಸುತ್ತು ಮಾಡಿ.