ಪಾಸ್‌ವರ್ಡ್ ಸರಿ, ಪರದೆ ಕಪ್ಪು: ಮಾನಿಟರ್ ಹಾಕಿದರೆ ಬೀಳುತ್ತಿದ್ದ ಲಿನಕ್ಸ್ ಲಾಗಿನ್

ಲ್ಯಾಪ್‌ಟಾಪಿಗೆ ಹೊರಗಿನ ಮಾನಿಟರ್ ಹಾಕಿದಾಗ ಮಾತ್ರ ಲಾಗಿನ್ ಬೀಳುತ್ತದೆ. ವಯರ್ ಕಿತ್ತರೆ ಎಲ್ಲಾ ಸರಿ. ಈ ತೊಂದರೆ ಬಂದಾಗ ತುಂಬಾ ಜನ ಇಡೀ ಲಿನಕ್ಸನ್ನೇ ಅಳಿಸಿ ಹೊಸದಾಗಿ ಹಾಕಿಕೊಳ್ಳುತ್ತಾರೆ. ಕೆಲವೊಮ್ಮೆ ಅದರಿಂದ ತೊಂದರೆ ಹೋಗಿಯೂ ಬಿಡುತ್ತದೆ. ಆದರೆ ಯಾಕೆ ಬಂತು, ಯಾಕೆ ಹೋಯಿತು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಅದು ಮತ್ತೆ ಬರುತ್ತದೆ. ಇಂಥದ್ದೇ ಒಂದು ತೊಂದರೆಯನ್ನು ಬುಡದವರೆಗೆ ಹಿಡಿದುಕೊಂಡು ಹೋದ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಧಾರವಾಡದ ಒಂದು ಚಿಕ್ಕ ಪ್ರಕಾಶನದ ಕಚೇರಿಯ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ. ಎಲ್ಲದರಲ್ಲೂ ಲಿನಕ್ಸಿನ ಒಂದು ಬಗೆಯಾದ ಉಬುಂಟು 22.04. ಪುಟ ವಿನ್ಯಾಸ ಮಾಡುವವರ ಮೇಜಿನ ಮೇಲೆ ಎರಡು ಮಾನಿಟರ್ ಇವೆ. ಒಂದು ಅಡ್ಡ, ಇನ್ನೊಂದನ್ನು ಪುಸ್ತಕದ ಪುಟ ಪೂರ್ತಿ ಕಾಣಲಿ ಅಂತ ಉದ್ದಕ್ಕೆ ತಿರುಗಿಸಿ ನಿಲ್ಲಿಸಿದ್ದಾರೆ. ಎರಡೂ 1920×1080. ಎರಡೂ ಒಂದು ಯುಎಸ್‌ಬಿ-ಸಿ ಡಾಕ್ (ಒಂದೇ ವಯರಿನಲ್ಲಿ ಹಲವು ಸಾಧನ ಸೇರಿಸುವ ಪೆಟ್ಟಿಗೆ) ಮೂಲಕ ಲ್ಯಾಪ್‌ಟಾಪಿಗೆ ಸೇರುತ್ತವೆ. ಹಳೆಯ ಡಾಕ್ ಕೆಟ್ಟು ಹೊಸದು ಬಂದ ವಾರವೇ ಫೋನ್ ಬಂತು.

“ಪಾಸ್‌ವರ್ಡ್ ಹಾಕಿದ್ರ ಕಪ್ಪಾಗಿ ವಾಪಸ್ ಅಲ್ಲೇ ಬರ್ತದ್ರಿ ಸರ್. ವಯರ್ ತೆಗೆದ್ರ ಛಲೋ ನಡೀತದ್ರಿ.”

ಈ ಮಾತಿನಲ್ಲೇ ಅರ್ಧ ಉತ್ತರ ಇದೆ. ಲಾಗಿನ್ ಪರದೆ ಎರಡೂ ಮಾನಿಟರಿನಲ್ಲಿ ಕಾಣುತ್ತಿದೆ. ಅಂದರೆ ಲಿನಕ್ಸಿನ ತಿರುಳಾದ ಕರ್ನಲ್‌ಗೆ ಮಾನಿಟರುಗಳು ಕಾಣುತ್ತಿವೆ, ಕೇಬಲಿನಲ್ಲಿ ಚಿತ್ರ ಹೋಗುತ್ತಿದೆ, ಗ್ರಾಫಿಕ್ಸ್ ಡ್ರೈವರ್ ಎದ್ದು ನಿಂತಿದೆ. ಬೀಳುವುದು ಪಾಸ್‌ವರ್ಡ್ ಕೊಟ್ಟ ನಂತರ. ಆ ಒಂದೆರಡು ಸೆಕೆಂಡಿನಲ್ಲಿ ಏನೇನು ನಡೆಯುತ್ತದೆ ಅನ್ನುವುದು ಗೊತ್ತಿದ್ದರೆ ಹುಡುಕಾಟ ತುಂಬಾ ಸುಲಭವಾಗುತ್ತದೆ.

ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮ್‌ನಲ್ಲಿ ಲಾಗಿನ್ ಪರದೆಯನ್ನು ತೋರಿಸುವುದು ಜಿಡಿಎಂ ಅನ್ನುವ ಪ್ರೋಗ್ರಾಮು. ಅದು ನಿಮ್ಮ ಹೆಸರಿನಲ್ಲಿ ಓಡುವುದಿಲ್ಲ. ಅದಕ್ಕೇ ಪ್ರತ್ಯೇಕ ಬಳಕೆದಾರ ಇದ್ದಾನೆ, ಪ್ರತ್ಯೇಕ ಸೆಷನ್ ಇದೆ. ಮಾನಿಟರುಗಳನ್ನು ಹೇಗೆ ಜೋಡಿಸಬೇಕು ಅನ್ನುವ ನೆನಪೂ ಪ್ರತ್ಯೇಕ. ನೀವು ಪಾಸ್‌ವರ್ಡ್ ಕೊಟ್ಟಾಗ ಪಾಳಿ ಬದಲಾಗುತ್ತದೆ. ಜಿಡಿಎಂ ಗ್ರಾಫಿಕ್ಸ್ ಕಾರ್ಡಿನ ಹಿಡಿತ ಬಿಡುತ್ತದೆ, ನಿಮ್ಮ ಹೆಸರಿನಲ್ಲಿ ಹೊಸದಾಗಿ ಎದ್ದ ಗ್ನೋಮ್ ಶೆಲ್ (ಡೆಸ್ಕ್‌ಟಾಪ್ ತೋರಿಸುವ ಪ್ರೋಗ್ರಾಮು) ಆ ಹಿಡಿತ ತೆಗೆದುಕೊಳ್ಳುತ್ತದೆ. ತೆಗೆದುಕೊಂಡ ಕೂಡಲೇ ನಿಮ್ಮ ಮನೆ ಫೋಲ್ಡರಿನ ಡಾಟ್ ಕಾನ್ಫಿಗ್ ಒಳಗಿರುವ ಮಾನಿಟರ್ಸ್ ಡಾಟ್ ಎಕ್ಸ್‌ಎಂಎಲ್ ಅನ್ನುವ ಫೈಲನ್ನು ಓದುತ್ತದೆ. ಅದರಲ್ಲಿ ಬರೆದ ಹಾಗೆ ರೆಸಲ್ಯೂಶನ್, ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗಬೇಕು, ಹರ್ಟ್ಜ್ ಲೆಕ್ಕದಲ್ಲಿ), ತಿರುವು ಎಲ್ಲವನ್ನೂ ಕರ್ನಲ್‌ಗೆ ಹೇಳುತ್ತದೆ. ಪರದೆಗೆ ಚಿತ್ರ ಕಳಿಸುವ ಈಗಿನ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ಗ್ನೋಮ್ ಶೆಲ್ಲೇ ಡಿಸ್‌ಪ್ಲೇ ಸರ್ವರ್, ಅಂದರೆ ಎಲ್ಲಾ ಪ್ರೋಗ್ರಾಮುಗಳ ಚಿತ್ರವನ್ನು ಪರದೆಗೆ ತರುವುದು ಅದೇ. ಅದು ಬಿದ್ದರೆ ಸೆಷನ್ ಪೂರ್ತಿ ಬಿತ್ತು. ಜಿಡಿಎಂ ಮತ್ತೆ ಲಾಗಿನ್ ಪರದೆ ತೋರಿಸುತ್ತದೆ. ನೋಡುವವರಿಗೆ ಪಾಸ್‌ವರ್ಡ್ ತಪ್ಪಾಯಿತೇನೋ ಅನ್ನಿಸುತ್ತದೆ, ಅಲ್ವಾ?

ನಾನು ಹೋದ ತಕ್ಷಣ ತೊಂದರೆಯನ್ನು ನನ್ನ ಕಣ್ಣೆದುರೇ ಮರುಕಳಿಸಿದೆ. ನಂತರ ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒತ್ತಿ ಕಪ್ಪು ಬಿಳುಪಿನ ಟರ್ಮಿನಲ್‌ಗೆ ಹೋದೆ. ಚಿತ್ರದ ಪರದೆ ಬಿದ್ದರೂ ಇದು ಸಾಮಾನ್ಯವಾಗಿ ಸಿಗುತ್ತದೆ. ಅದೂ ಸಿಗದಿದ್ದರೆ ಬೇರೆ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮಾಡಬೇಕು, ಅಂದರೆ ನೆಟ್‌ವರ್ಕ್ ಮೂಲಕ ಒಳಗೆ ಹೋಗಬೇಕು. ಅದಕ್ಕೇ ನಾನು ನೋಡಿಕೊಳ್ಳುವ ಎಲ್ಲಾ ಯಂತ್ರಗಳಲ್ಲೂ ಎಸ್‌ಎಸ್‌ಎಚ್ ಸರ್ವರನ್ನು ಮೊದಲೇ ಹಾಕಿಟ್ಟಿರುತ್ತೇನೆ. ತೊಂದರೆ ಬಂದ ಮೇಲೆ ಹಾಕಲು ಕೂತರೆ ತಡವಾಗುತ್ತದೆ.

ಟರ್ಮಿನಲ್‌ನಲ್ಲಿ ಯಂತ್ರದ ದಿನಚರಿಯನ್ನು (ಲಾಗ್) ತೋರಿಸುವ ಜರ್ನಲ್‌ಸಿಟಿಎಲ್ ತೆರೆದು, ಲಾಗಿನ್ ಮಾಡಿದ ನಿಮಿಷಕ್ಕೆ ಹೋದೆ. ಇಲ್ಲಿ ಒಂದು ಮಾತು. ಕೆಂಪು ಬಣ್ಣದ ಸಾಲುಗಳನ್ನೆಲ್ಲಾ ನೋಡಿ ಹೆದರಬೇಡಿ. ಸರಿಯಾಗಿ ನಡೆಯುವ ಯಂತ್ರದಲ್ಲೂ ಅವು ಬೇಕಾದಷ್ಟು ಇರುತ್ತವೆ. ಗ್ನೋಮ್ ಶೆಲ್ ಸತ್ತ ಸಾಲನ್ನು ಹುಡುಕಿ, ಅಲ್ಲಿಂದ ಮೇಲಕ್ಕೆ ಓದುತ್ತಾ ಹೋಗಿ. ನನಗೆ ಸಿಕ್ಕಿದ್ದು ಹೀಗಿತ್ತು: ಕೊನೆಯಲ್ಲಿ ಸೆಗ್ಮೆಂಟೇಶನ್ ಫಾಲ್ಟ್ (ಪ್ರೋಗ್ರಾಮು ಮೆಮೊರಿಯಲ್ಲಿ ತಪ್ಪು ಜಾಗ ಮುಟ್ಟಿ ಸತ್ತದ್ದು), ಅದರ ಸ್ವಲ್ಪ ಮೇಲೆ ಪೇಜ್ ಫ್ಲಿಪ್ (ಹೊಸ ಚಿತ್ರವನ್ನು ಪರದೆಗೆ ಹಾಕುವುದು) ವಿಫಲ ಅನ್ನುವ ಸಾಲು, ಆ ಸಾಲಿನ ತುದಿಯಲ್ಲಿ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’, ಅಂದರೆ ಸಾಧನದಲ್ಲಿ ಜಾಗ ಉಳಿದಿಲ್ಲ.

ಕಚೇರಿಯವರು ಇದನ್ನು ಮೊದಲೇ ಓದಿದ್ದರು. ಡಿಸ್ಕ್ ತುಂಬಿದೆ ಅಂದುಕೊಂಡು ಹಳೆಯ ಪುಸ್ತಕಗಳ ಫೈಲುಗಳನ್ನೆಲ್ಲಾ ಬೇರೆ ಕಡೆ ಸಾಗಿಸುತ್ತಿದ್ದರು. ಅವರು ಹಾಗೆ ತಿಳಿದುಕೊಂಡದ್ದು ಸಹಜ. ಸಾಲಿನ ಅರ್ಥವೇ ಹಾಗಿದೆ. ಆದರೆ ಡಿಸ್ಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ ಇತ್ತು. ತುಂಬಿದ್ದು ಡಿಸ್ಕ್ ಅಲ್ಲ, ಡಾಕ್‌ಗೆ ಚಿತ್ರ ಹೋಗುವ ಡಿಸ್‌ಪ್ಲೇ ಪೋರ್ಟ್ ದಾರಿ.

ಒಂದೇ ಡಿಸ್‌ಪ್ಲೇ ಪೋರ್ಟ್ ದಾರಿಯಲ್ಲಿ ಹಲವು ಮಾನಿಟರುಗಳ ಚಿತ್ರ ಕಳಿಸುವ ವಿಧಾನಕ್ಕೆ ಎಂಎಸ್‌ಟಿ ಅಂತ ಹೆಸರು. ಅದರಲ್ಲಿ ಸಮಯವನ್ನು 64 ತುಂಡು ಮಾಡುತ್ತಾರೆ. ಒಂದು ತುಂಡು ತಲೆಬರಹಕ್ಕೆ ಹೋಗುತ್ತದೆ. ಉಳಿದ 63 ತುಂಡುಗಳನ್ನು ಮಾನಿಟರುಗಳು ಹಂಚಿಕೊಳ್ಳಬೇಕು. ಕೇಳಿದಷ್ಟು ತುಂಡು ಇಲ್ಲದಿದ್ದರೆ ಕರ್ನಲ್ ‘ಜಾಗ ಇಲ್ಲ’ ಅನ್ನುವ ಅದೇ ಹಳೆಯ ಯುನಿಕ್ಸ್ ಎರರ್ ಸಂಖ್ಯೆಯನ್ನು ವಾಪಸ್ ಕೊಡುತ್ತದೆ. ಮೇಲಿನ ಪ್ರೋಗ್ರಾಮು ಅದನ್ನು ಹಾಗೇ ಅಕ್ಷರದಲ್ಲಿ ಬರೆದಿಡುತ್ತದೆ.

ಸರಿ, ಆದರೆ ಲಾಗಿನ್ ಪರದೆಗೆ ಜಾಗ ಇತ್ತಲ್ಲ? ಅದೇ ಎರಡು ಮಾನಿಟರ್, ಅದೇ ಡಾಕ್. ಇಲ್ಲಿ ನಾನು ಪ್ರತಿ ಸಲ ಮಾಡುವ ಒಂದು ಪರೀಕ್ಷೆ ಮಾಡಿದೆ. ಟರ್ಮಿನಲ್‌ನಿಂದ ಹೊಸ ಬಳಕೆದಾರನೊಬ್ಬನನ್ನು ಸೃಷ್ಟಿಸಿ, ಎರಡೂ ಮಾನಿಟರ್ ಇಟ್ಟುಕೊಂಡೇ ಅವನ ಹೆಸರಿನಲ್ಲಿ ಲಾಗಿನ್ ಆದೆ. ಯಾವ ತಕರಾರೂ ಇಲ್ಲದೆ ಡೆಸ್ಕ್‌ಟಾಪ್ ಬಂತು. ಐದು ನಿಮಿಷದ ಕೆಲಸ ಇದು. ಇದರಿಂದ ಹುಡುಕಾಟ ಎರಡು ಪಾಲಾಗುತ್ತದೆ. ಹೊಸ ಬಳಕೆದಾರನಿಗೂ ಬಿದ್ದರೆ ಡ್ರೈವರ್, ಕರ್ನಲ್, ಕೇಬಲ್ ಕಡೆ ನೋಡಬೇಕು. ಅವನಿಗೆ ಬೀಳದಿದ್ದರೆ ಹಳೆಯ ಬಳಕೆದಾರನ ಮನೆ ಫೋಲ್ಡರಿನಲ್ಲೇ ಏನೋ ಇದೆ.

ಅವರ ಮಾನಿಟರ್ಸ್ ಡಾಟ್ ಎಕ್ಸ್‌ಎಂಎಲ್ ತೆರೆದೆ. ಗ್ನೋಮ್ ಈ ಫೈಲಿನಲ್ಲಿ ಮಾನಿಟರುಗಳ ಪ್ರತಿಯೊಂದು ಜೋಡಣೆಗೂ ಒಂದು ದಾಖಲೆ ಇಡುತ್ತದೆ. ಮಾನಿಟರನ್ನು ಗುರುತಿಸಲು ನಾಲ್ಕು ವಿವರ ಬಳಸುತ್ತದೆ: ಕನೆಕ್ಟರ್ ಹೆಸರು, ತಯಾರಕರ ಗುರುತು, ಮಾದರಿ, ಸೀರಿಯಲ್ ಸಂಖ್ಯೆ. ನಾಲ್ಕೂ ಹೊಂದಿದರೆ ಹಳೆಯ ದಾಖಲೆ ಜಾರಿಗೆ ಬರುತ್ತದೆ. ಡಾಕ್ ಬದಲಾದರೂ ಲ್ಯಾಪ್‌ಟಾಪಿನ ಪೋರ್ಟ್ ಅದೇ, ಮಾನಿಟರುಗಳು ಅವೇ, ಕರ್ನಲ್ ಕೊಟ್ಟ ಕನೆಕ್ಟರ್ ಹೆಸರುಗಳೂ ಅವೇ. ಹಾಗಾಗಿ ಹಳೆಯ ಡಾಕ್ ಕಾಲದ ದಾಖಲೆ ಚೆನ್ನಾಗಿ ಹೊಂದಿಕೊಂಡಿತ್ತು. ಆ ದಾಖಲೆಯಲ್ಲಿ ಅಡ್ಡ ಮಾನಿಟರಿಗೆ 100 ಹರ್ಟ್ಜ್ ಅಂತ ಇತ್ತು. ಕಣ್ಣಿಗೆ ಹಿತ ಅಂತ ಅವರೇ ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡಿದ್ದರು. ಉದ್ದ ಮಾನಿಟರಿಗೆ 60.

ಈಗ ಲೆಕ್ಕ ಹಾಕೋಣ. 1080 ಸಾಲಿನ ಚಿತ್ರಕ್ಕೆ 60 ಹರ್ಟ್ಜ್‌ನಲ್ಲಿ 148.5 ಮೆಗಾಹರ್ಟ್ಜ್ ಪಿಕ್ಸೆಲ್ ಕ್ಲಾಕ್ (ಸೆಕೆಂಡಿಗೆ ಎಷ್ಟು ಪಿಕ್ಸೆಲ್ ಕಳಿಸಬೇಕು ಅನ್ನುವ ಲೆಕ್ಕ) ಬೇಕು. ಪ್ರತಿ ಪಿಕ್ಸೆಲ್‌ಗೆ 24 ಬಿಟ್. ಗುಣಿಸಿದರೆ ಸೆಕೆಂಡಿಗೆ ಸುಮಾರು 3.56 ಗಿಗಾಬಿಟ್. 100 ಹರ್ಟ್ಜ್‌ಗೆ ಸುಮಾರು 5.6 ಗಿಗಾಬಿಟ್. ಎರಡೂ ಸೇರಿ 9.2ರ ಹತ್ತಿರ.

ಯುಎಸ್‌ಬಿ-ಸಿ ಕೇಬಲಿನಲ್ಲಿ ವೇಗದ ಹಾದಿಗಳು ನಾಲ್ಕು. ಡಾಕ್ ನಾಲ್ಕನ್ನೂ ಚಿತ್ರಕ್ಕೆ ಕೊಡಬಹುದು. ಆಗ ಡಾಕಿನ ಯುಎಸ್‌ಬಿ ಪೋರ್ಟುಗಳು ಹಳೆಯ 2.0 ವೇಗಕ್ಕೆ ಇಳಿಯುತ್ತವೆ. ಇಲ್ಲವೇ ಎರಡು ಹಾದಿ ಚಿತ್ರಕ್ಕೆ, ಎರಡು ಯುಎಸ್‌ಬಿ 3ಕ್ಕೆ ಅಂತ ಹಂಚಬಹುದು. ಹೊಸ ಡಾಕ್ ಎರಡನೆಯ ಜಾತಿಯದು. ಈ ಲ್ಯಾಪ್‌ಟಾಪಿನಲ್ಲಿ ಒಂದು ಹಾದಿಗೆ 5.4 ಗಿಗಾಬಿಟ್, ಎರಡಕ್ಕೆ 10.8. ಅದರಲ್ಲಿ ಐದನೇ ಒಂದು ಪಾಲು ಸಂಕೇತ ಬದಲಾವಣೆಗೇ ಹೋಗುತ್ತದೆ. ಕೈಗೆ ಸಿಗುವುದು 8.64. 9.2 ಇದರಲ್ಲಿ ಹಿಡಿಯುವುದಿಲ್ಲ. ಹಳೆಯ ಡಾಕ್ ನಾಲ್ಕೂ ಹಾದಿ ಕೊಡುತ್ತಿತ್ತು, ಅಂದರೆ 17.28. ಅಲ್ಲಿ ಧಾರಾಳವಾಗಿ ಹಿಡಿಯುತ್ತಿತ್ತು.

ಲಾಗಿನ್ ಪರದೆಗೆ ಯಾಕೆ ತೊಂದರೆ ಆಗಲಿಲ್ಲ ಅನ್ನುವುದೂ ಇದರಲ್ಲೇ ಬಿಡಿಸಿಕೊಳ್ಳುತ್ತದೆ. ಜಿಡಿಎಂ ಹತ್ತಿರ ಉಳಿಸಿಟ್ಟ ದಾಖಲೆ ಇರಲಿಲ್ಲ. ಮಾನಿಟರ್ ತಾನಾಗಿ ಸೂಚಿಸುವ 60 ಹರ್ಟ್ಜನ್ನೇ ಎರಡಕ್ಕೂ ಹಾಕಿತ್ತು. ಒಟ್ಟು 7.1. ಹೊಸ ಬಳಕೆದಾರನಿಗೂ ಅದೇ.

ಹಾದಿ ಎರಡೇ ಅನ್ನುವುದನ್ನು ಊಹೆಗೆ ಬಿಡಲಿಲ್ಲ. ಕರ್ನಲ್‌ನಲ್ಲಿ ಗ್ರಾಫಿಕ್ಸ್ ನೋಡಿಕೊಳ್ಳುವ ಡಿಆರ್‌ಎಂ ಭಾಗಕ್ಕೆ ಡಿಬಗ್ ಅನ್ನುವ ಒಂದು ಪ್ಯಾರಾಮೀಟರ್ ಇದೆ. ಅದಕ್ಕೆ 0x04 ಬೆಲೆ ಕೊಟ್ಟು, ಡಾಕನ್ನು ಕಿತ್ತು ಮತ್ತೆ ಹಾಕಿ, ಕರ್ನಲ್ ಲಾಗ್ ನೋಡಿದೆ. ಇಂಟೆಲ್ ಗ್ರಾಫಿಕ್ಸ್ ಇದ್ದದ್ದರಿಂದ ಲಿಂಕ್ ಟ್ರೇನಿಂಗ್ (ಲ್ಯಾಪ್‌ಟಾಪ್ ಮತ್ತು ಡಾಕ್ ವೇಗ ಹೊಂದಿಸಿಕೊಳ್ಳುವ ಹಂತ) ಮುಗಿದ ಸಾಲಿನಲ್ಲಿ ವೇಗ 540000 (ಅಂದರೆ 5.4 ಗಿಗಾಬಿಟ್), ಲೇನ್ ಕೌಂಟ್ (ಹಾದಿಗಳ ಸಂಖ್ಯೆ) 2 ಅಂತ ಸ್ಪಷ್ಟವಾಗಿ ಬಂತು. ಕೆಲಸ ಮುಗಿದ ಮೇಲೆ ಆ ಪ್ಯಾರಾಮೀಟರನ್ನು ಸೊನ್ನೆಗೆ ತನ್ನಿ. ಇಲ್ಲದಿದ್ದರೆ ಲಾಗ್ ಸುಮ್ನೆ ಉಬ್ಬುತ್ತದೆ.

ಪರಿಹಾರ ಚಿಕ್ಕದು. ಮಾನಿಟರ್ಸ್ ಡಾಟ್ ಎಕ್ಸ್‌ಎಂಎಲ್ ಅನ್ನು ಅಳಿಸದೆ ಬೇರೆ ಹೆಸರಿಟ್ಟು ಪಕ್ಕಕ್ಕಿಟ್ಟೆ. ಲಾಗಿನ್ ಸರಿಯಾಯಿತು. 100 ಹರ್ಟ್ಜ್ ಅವರಿಗೆ ಬೇಕೇ ಬೇಕಿತ್ತು. ಹಾಗಾಗಿ ಆ ಮಾನಿಟರನ್ನು ಡಾಕಿನಿಂದ ತೆಗೆದು ಲ್ಯಾಪ್‌ಟಾಪಿನ ಸ್ವಂತ ಎಚ್‌ಡಿಎಂಐ ಕಿಂಡಿಗೆ ಹಾಕಿದೆ. ಹಳೆಯ ಎಚ್‌ಡಿಎಂಐ 1.4 ಆದರೂ 340 ಮೆಗಾಹರ್ಟ್ಜ್‌ವರೆಗೆ ತಾಳುತ್ತದೆ. ಇದಕ್ಕೆ ಬೇಕಿದ್ದದ್ದು ಸುಮಾರು 235. ಉದ್ದ ಮಾನಿಟರ್ ಡಾಕಿನಲ್ಲೇ ಉಳಿಯಿತು. ಎರಡನ್ನೂ ಹೊಸದಾಗಿ ಜೋಡಿಸಿ ಉಳಿಸಿದೆವು.

ಎಲ್ಲರ ತೊಂದರೆಯೂ ಇದೇ ಆಗಿರಬೇಕಿಲ್ಲ. ನಾನು ಕಂಡ ಬೇರೆ ಕಾರಣಗಳೂ ಇವೆ. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪುಗಳಲ್ಲಿ ಎಚ್‌ಡಿಎಂಐ ಕಿಂಡಿ ಹಲವು ಸಲ ಎರಡನೆಯ ಚಿಪ್‌ಗೆ ಸೇರಿರುತ್ತದೆ. ಮಾನಿಟರ್ ಹಾಕಿದಾಗ ಮಾತ್ರ ಆ ಚಿಪ್‌ನ ಡ್ರೈವರ್ ಕೆಲಸಕ್ಕೆ ಬರುತ್ತದೆ, ಅದರ ದೋಷವೂ ಆಗಲೇ ಕಾಣುತ್ತದೆ. ಚಿತ್ರವನ್ನು ಯುಎಸ್‌ಬಿ ಡೇಟಾ ಆಗಿ ಕಳಿಸುವ ಡಿಸ್‌ಪ್ಲೇಲಿಂಕ್ ಬಗೆಯ ಡಾಕುಗಳಿಗೆ ಇವಿಡಿಐ ಅನ್ನುವ ಹೊರಗಿನ ಕರ್ನಲ್ ಮಾಡ್ಯೂಲ್ ಬೇಕು. ಕರ್ನಲ್ ಅಪ್‌ಡೇಟ್ ಆದಾಗ ಅದು ಮತ್ತೆ ಕಟ್ಟಿಕೊಂಡಿದೆಯಾ, ಸಹಿ ಇಲ್ಲದ ಮಾಡ್ಯೂಲುಗಳನ್ನು ತಡೆಯುವ ಸೆಕ್ಯೂರ್ ಬೂಟ್ ಅದನ್ನು ತಡೆದಿದೆಯಾ ಅಂತ ಮೊದಲು ನೋಡಿ. ಗ್ನೋಮ್ ಎಕ್ಸ್‌ಟೆನ್ಶನ್‌ಗಳೂ ಎರಡನೇ ಪರದೆ ಕಂಡರೆ ಎಡವುವುದುಂಟು. ಹೊಸ ಬಳಕೆದಾರನ ಪರೀಕ್ಷೆಯಲ್ಲಿ ಇದೂ ಬೇರ್ಪಡುತ್ತದೆ. ಗ್ನೋಮ್ ಬದಲು ಕೆಡಿಇ ಪ್ಲಾಸ್ಮಾ 6 ಡೆಸ್ಕ್‌ಟಾಪ್ ಬಳಸುವವರು ವೇಲ್ಯಾಂಡ್‌ನಲ್ಲಿ ಕೆವಿನ್‌ಔಟ್‌ಪುಟ್‌ಕಾನ್ಫಿಗ್ ಡಾಟ್ ಜೇಸನ್ ಫೈಲನ್ನು ಪಕ್ಕಕ್ಕಿಟ್ಟು ನೋಡಬಹುದು.

ವೇಲ್ಯಾಂಡ್ ಆಫ್ ಮಾಡಿ ಅನ್ನುವ ಸಲಹೆ ಎಲ್ಲಾ ಕಡೆ ಕೇಳುತ್ತದೆ. ಲಾಗಿನ್ ಪರದೆಯ ಮೂಲೆಯ ಚಕ್ರದ ಗುರುತು ಒತ್ತಿ ಒಂದು ಸಲ ವೇಲ್ಯಾಂಡ್‌ಗಿಂತ ಹಳೆಯದಾದ ಎಕ್ಸಾರ್ಗ್ ಸೆಷನ್ ಆರಿಸುವುದು ಒಳ್ಳೆಯ ಪರೀಕ್ಷೆ. ಆದರೆ ಅದನ್ನೇ ಶಾಶ್ವತ ಪರಿಹಾರ ಮಾಡಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ದಾರಿ ಕಿರಿದಾಗಿದ್ದರೆ ಅಲ್ಲಿಯೂ ಒಂದು ಮಾನಿಟರ್ ಕಪ್ಪಾಗಿ ಉಳಿಯುತ್ತದೆ. ಗ್ನೋಮ್ ಕೂಡ 2025ರ 49ನೇ ಆವೃತ್ತಿಯಿಂದ ಎಕ್ಸಾರ್ಗ್ ಸೆಷನ್ ಅನ್ನು ಕೈಬಿಡತೊಡಗಿದೆ.

ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಉದ್ದ ಮಾನಿಟರಿನಲ್ಲಿ ಲಾಗಿನ್ ಪರದೆ ಅಡ್ಡ ಮಲಗಿದ ಹಾಗೆ ಕಾಣುತ್ತದೆ, ಸರಿ ಮಾಡಿಕೊಡಿ ಅಂತ ಅವರು ಕೇಳಿದರು. ತಮ್ಮ ಮಾನಿಟರ್ಸ್ ಡಾಟ್ ಎಕ್ಸ್‌ಎಂಎಲ್ ಅನ್ನು ಜಿಡಿಎಂನ ಕಾನ್ಫಿಗ್ ಫೋಲ್ಡರಿಗೆ ನಕಲು ಮಾಡುವುದು ಇದಕ್ಕೆ ಇರುವ ದಾರಿ. ಉಬುಂಟು 22.04ರಲ್ಲಿ ಅದು ವಾರ್, ಲಿಬ್, ಜಿಡಿಎಂ3 ಒಳಗಿನ ಡಾಟ್ ಕಾನ್ಫಿಗ್. ಫೈಲಿನ ಒಡೆತನವನ್ನು ಜಿಡಿಎಂ ಬಳಕೆದಾರನಿಗೆ ಬದಲಾಯಿಸಬೇಕು. ಹಳೆಯ ದಾಖಲೆ ಒಳಗಿರುವಾಗಲೇ ಈ ನಕಲು ಮಾಡಿದರೆ ಲಾಗಿನ್ ಪರದೆಯೂ ಬೀಳುತ್ತದೆ, ಆಗ ಪಾಸ್‌ವರ್ಡ್ ಹಾಕುವ ಜಾಗವೂ ಇರುವುದಿಲ್ಲ. ಅದಕ್ಕೇ ಹೊಸ ಜೋಡಣೆಯಲ್ಲಿ ಅವರು ಕೆಲವು ದಿನ ಕೆಲಸ ಮಾಡಿ ನೋಡಿದ ಮೇಲೆ, ಪಕ್ಕಕ್ಕಿಟ್ಟ ಹಳೆಯ ಫೈಲನ್ನು ಬಿಟ್ಟು ಹೊಸದನ್ನು ಮಾತ್ರ ನಕಲು ಮಾಡಿದೆ.