ಸೋಲುವ ತಂಡದಲ್ಲಿ ಎಳೆಯ ಆಟಗಾರನನ್ನು ಅಳೆಯುವ ಬಗೆ
ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ, ಹೊಸದಾಗಿ ಕಟ್ಟಿಕೊಳ್ಳುತ್ತಿರುವ ತಂಡದಲ್ಲಿ ಯುವ ಆಟಗಾರ ಗಳಿಸುವ ಅಂಕಗಳನ್ನು ಕಂಡು ಮರುಳಾಗಬೇಡಿ. ಸೋಲುವ ತಂಡದಲ್ಲೂ ಯಾರಾದರೊಬ್ಬರು ಚೆಂಡನ್ನು ಬುಟ್ಟಿಗೆ ಎಸೆಯಲೇಬೇಕಲ್ಲವೇ? ಮೊದಲು ವಯಸ್ಸನ್ನು ನೋಡಿ: 19ರ ಹುಡುಗನ ತಪ್ಪನ್ನೂ 23ರವನ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮೂರು ಅಂಕದ ಎಸೆತಗಳ ಲೆಕ್ಕ ಒಂದೇ ಋತುವಿನಲ್ಲಿ ಬಹಳ ಏರಿಳಿಯುವುದರಿಂದ, ಎದುರಾಳಿಯ ಅಡ್ಡಿಯಿಲ್ಲದೆ ಎಸೆಯುವ ಫ್ರೀ ಥ್ರೋಗಳ ಶೇಕಡಾವಾರು ಪ್ರಮಾಣವನ್ನೂ ಅದರೊಡನೆ ಇಟ್ಟು ನೋಡುವುದು ಲೇಸು. ರಕ್ಷಣೆಯನ್ನು ಮಾತ್ರ ಬರಿಯ ಅಂಕಿಗಳಿಂದ ಅಳೆಯಲು ಹೋಗದೆ, ತಾನು ಕಾಯುವ ಎದುರಾಳಿಯ ಬಳಿ ಚೆಂಡಿಲ್ಲದಾಗ ಆ ಯುವ ಆಟಗಾರ ಎಲ್ಲಿ ನಿಲ್ಲುತ್ತಾನೆ, ಜೊತೆಗಾರ ಹಿಂದೆ ಬಿದ್ದಾಗ ಎಷ್ಟು ಬೇಗ ನೆರವಿಗೆ ಬರುತ್ತಾನೆ ಎಂಬುದನ್ನು ಪಂದ್ಯದ ದೃಶ್ಯಗಳಲ್ಲಿ ಮತ್ತೆ ಮತ್ತೆ ಗಮನಿಸಿ. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನ ಕ್ರಮಾಂಕಕ್ಕೆ ಅತಿಯಾದ ಬೆಲೆ ಬೇಡ. 2021-22ರಲ್ಲಿ 24 ಪಂದ್ಯಗಳನ್ನಷ್ಟೇ ಗೆದ್ದಿದ್ದ ಒಕ್ಲಹೋಮ ಸಿಟಿ ಥಂಡರ್ ತಂಡವು 2022ರಲ್ಲಿ 12ನೆಯ ಆಯ್ಕೆಯಾಗಿ ಪಡೆದ ಜೇಲನ್ ವಿಲಿಯಮ್ಸ್, 2025ರ ಪ್ರಶಸ್ತಿ ವಿಜೇತ ತಂಡದ ಆಧಾರಸ್ತಂಭಗಳಲ್ಲಿ ಒಬ್ಬನಾಗಿದ್ದ.