ಹುಷಾರಾಗಿದ್ದವರ ಮನೆಗೂ ಹೋಗಬೇಕು

ನಾನು ರೋಗ ಹರಡುವುದರ ಮೇಲೆ ಕಣ್ಣಿಡುವ ಜಿಲ್ಲಾ ಸರ್ವೇಕ್ಷಣಾ ಘಟಕದಲ್ಲಿ ಕೆಲಸ ಮಾಡುವ ವೈದ್ಯೆ. ವಾಂತಿಭೇದಿ ಪ್ರಕರಣ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಫೋನ್ ಬಂದರೆ ಮೊದಲು ಎರಡು ಸಮಯ ಕೇಳುತ್ತೇನೆ: ಊಟ ಎಷ್ಟೊತ್ತಿಗೆ ಆಯಿತು, ಹೊಟ್ಟೆ ಕೆಟ್ಟದ್ದು ಎಷ್ಟೊತ್ತಿಗೆ. ನಡುವಿನ ಗಂಟೆಗಳೇ ಅರ್ಧ ವಿಷಯ ಹೇಳಿಬಿಡುತ್ತವೆ. ಉಂಡ ಎರಡು ಮೂರು ಗಂಟೆಗೇ ಜನ ವಾಂತಿ ಮಾಡತೊಡಗಿದರೆ ಸ್ಟ್ಯಾಫಿಲೋಕಾಕಸ್ ಅಥವಾ ಬೆಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಆಹಾರದಲ್ಲಿ ಬಿಟ್ಟ ನಂಜಿನ ಮೇಲೆ ಅನುಮಾನ. ಮಾರನೆಯ ದಿನ ಜ್ವರದ ಜೊತೆ ಭೇದಿ ಕಾಣಿಸಿಕೊಂಡರೆ ಸಾಲ್ಮೊನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಇರಬಹುದು.

ಆ ಸಲದ್ದು ಮಂಡ್ಯ ಕಡೆಯ ಒಂದು ಹಳ್ಳಿಯ ಬೀಗರ ಊಟ. ಮಧ್ಯಾಹ್ನ ಉಂಡವರು ನಡುರಾತ್ರಿ ಹೊಟ್ಟೆ ಹಿಡಿದುಕೊಂಡು ಎದ್ದಿದ್ದರು. ಹೊಟ್ಟೆ ನುಲಿತ, ನೀರಿನಂಥ ಭೇದಿ. ವಾಂತಿ ಅಪರೂಪ, ಜ್ವರ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಮ್ಮ ತಂಡ ತಲುಪುವಷ್ಟರಲ್ಲಿ ಊರಿನವರು ತೀರ್ಮಾನಕ್ಕೆ ಬಂದಾಗಿತ್ತು. ಕೆಲವರಿಗೆ ಟ್ಯಾಂಕಿನ ನೀರಿನ ಮೇಲೆ ಸಂಶಯ. ಹಳೇ ದ್ವೇಷಕ್ಕೆ ಯಾರೋ ಏನೋ ಬೆರೆಸಿದ್ದಾರೆ ಎಂದು ಇನ್ನು ಕೆಲವರು. ಅಡುಗೆಯವರ ಫೋನ್ ಸ್ವಿಚ್ ಆಫ್ ಆಗಿತ್ತು.

ಆಶಾ ಕಾರ್ಯಕರ್ತೆಯರು ಆಗಲೇ ಮನೆಮನೆಗೆ ಓಆರ್‌ಎಸ್ ಹಂಚುತ್ತಿದ್ದರು. ನಿತ್ರಾಣವಾಗಿದ್ದ ವಯಸ್ಸಾದವರನ್ನು ಮೊದಲು ತಾಲೂಕು ಆಸ್ಪತ್ರೆಗೆ ಕಳಿಸಿದೆವು. ಆ್ಯಂಟಿಬಯೋಟಿಕ್ ಶುರುವಾಗುವ ಮುಂಚೆಯೇ ಮಲದ ಮಾದರಿ ತೆಗೆದಿಟ್ಟೆವು. ನಲ್ಲಿ ನೀರಿನ ಕ್ಲೋರಿನ್ ನೋಡಿದೆವು, ಸರಿಯಾಗಿತ್ತು. ಅದೂ ಅಲ್ಲದೆ, ನೀರೇ ಕೆಟ್ಟಿದ್ದರೆ ಊಟಕ್ಕೆ ಹೋಗದ ಮನೆಗಳಲ್ಲೂ ಕಾಯಿಲೆ ಇರಬೇಕಿತ್ತು, ದಿನಕ್ಕಿಷ್ಟು ಜನರಂತೆ ಬೀಳುತ್ತಾ ಹೋಗಬೇಕಿತ್ತು. ಇಲ್ಲಿ ಎಲ್ಲರೂ ಒಂದೇ ರಾತ್ರಿ ಬಿದ್ದಿದ್ದರು, ಎಲ್ಲರೂ ಆ ಊಟ ಉಂಡವರೇ.

ಇಂಥ ಕಡೆ ಎಲ್ಲರೂ ರೋಗಿಗಳ ಸುತ್ತಲೇ ನಿಲ್ಲುತ್ತಾರೆ. ಆದರೆ ರೋಗಿಗಳನ್ನು ಮಾತ್ರ ಕೇಳಿದರೆ ಉತ್ತರ ಸಿಗುವುದಿಲ್ಲ. ಅವರು ಎಲ್ಲವನ್ನೂ ತಿಂದಿರುತ್ತಾರೆ. ತರಬೇತಿಯಲ್ಲಿ ನಮ್ಮ ಕೈಯಲ್ಲಿ ಲೆಕ್ಕ ಮಾಡಿಸುವ ಒಂದು ಹಳೆಯ ಪ್ರಕರಣವಿದೆ. 1940ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಸ್ವಿಗೊ ಕೌಂಟಿಯಲ್ಲಿ ಚರ್ಚಿನ ಊಟ ಉಂಡವರು ಕಾಯಿಲೆ ಬಿದ್ದರು. ವಿಚಾರಿಸಿದ 75 ಜನರಲ್ಲಿ 46 ಮಂದಿಗೆ ಹೊಟ್ಟೆ ಕೆಟ್ಟಿತ್ತು. ವೆನಿಲ್ಲಾ ಐಸ್‌ಕ್ರೀಮ್ ತಿಂದ 54 ಜನರಲ್ಲಿ 43 ಮಂದಿ ಮಲಗಿದ್ದರು, ತಿನ್ನದ 21 ಜನರಲ್ಲಿ ಬರೀ ಮೂವರು. ಆ 21 ಜನರನ್ನೂ ಕೇಳಿದ್ದರಿಂದಲೇ ಐಸ್‌ಕ್ರೀಮ್ ಸಿಕ್ಕಿಬಿತ್ತು.

ಆದ್ದರಿಂದ ಊಟಕ್ಕೆ ಬಂದಿದ್ದ ಪ್ರತಿ ಮನೆಗೂ ಹೋದೆವು. "ಏನು ತಿಂದಿರಿ?" ಎಂದರೆ "ಎಲ್ಲಾ ತಿಂದ್ವಿ" ಎಂಬ ಉತ್ತರವೇ ಬರುತ್ತದೆ. ನಾನು ನೋಟ್‌ಬುಕ್ಕಿನಲ್ಲಿ ಒಂದು ಬಾಳೆ ಎಲೆ ಬರೆದು, ಬಡಿಸಿದ ಕ್ರಮದಲ್ಲೇ ಕೇಳುತ್ತಾ ಹೋಗುತ್ತೇನೆ: ಉಪ್ಪು, ಈರುಳ್ಳಿ, ಬೋಟಿ ಗೊಜ್ಜು, ಮುದ್ದೆ, ಬಾಡಿನ ಸಾರು, ಅನ್ನ, ಮಜ್ಜಿಗೆ. ಎಲೆ ಕಣ್ಣಮುಂದೆ ಬಂದ ಕೂಡಲೇ ನೆನಪೂ ಬರುತ್ತದೆ. ಜಗಲಿಯ ಮೇಲೆ ಕೂತಿದ್ದ ಒಬ್ಬ ಅಜ್ಜಿ, "ನಂಗೇನೂ ಆಗಿಲ್ಲ ಕಣವ್ವ, ನನ್ನೇನ್ ಕೇಳೀಯೆ" ಎಂದು ಮುಖ ತಿರುಗಿಸಿದರು. ಎಲೆ ತೋರಿಸಿ ಕೇಳಿದಾಗ, ಮೊದಲ ಪಂಕ್ತಿಯಲ್ಲೇ ಕೂತು ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡದ್ದು ಹೊರಬಂತು. ಬಾಡು ತಿಂದು ಹುಷಾರಾಗಿದ್ದ ಇನ್ನೂ ಕೆಲವರು ಸಿಕ್ಕರು, ಅವರೂ ಮೊದಲ ಪಂಕ್ತಿಯವರೇ. ಸಾರು ಮುಟ್ಟದೆ ಮಜ್ಜಿಗೆ ಅನ್ನ ಉಂಡವರಿಗೆ ಯಾವ ಪಂಕ್ತಿಯಾದರೂ ಏನೂ ಆಗಿರಲಿಲ್ಲ. ಕೊನೆಯ ಪಂಕ್ತಿಗಳಲ್ಲಿ ಬಾಡಿನ ಸಾರು ಉಂಡ ಮನೆಗಳೇ ನಮ್ಮ ಲೈನ್ ಲಿಸ್ಟಿನಲ್ಲಿ, ಅಂದರೆ ರೋಗಿಗಳ ಪಟ್ಟಿಯಲ್ಲಿ, ತುಂಬಿದ್ದವು.

ಅಡುಗೆಯವರನ್ನು ಹುಡುಕಿಕೊಂಡು ಅವರ ಮನೆಗೇ ಹೋದೆವು. ಪೊಲೀಸರನ್ನು ಕರೆದೊಯ್ಯಬಾರದೆಂದು ನಾನು ಹಟ ಹಿಡಿದಿದ್ದೆ. ಹೆದರಿದ ಮನುಷ್ಯ ಕೆಲಸ ಮಾಡಿದ ರೀತಿಯನ್ನು ಹೇಳುವುದಿಲ್ಲ, ಹೇಳಬೇಕಾದ ರೀತಿಯನ್ನು ಹೇಳುತ್ತಾನೆ. "ಅಣ್ಣ, ಒಲೆ ಹಚ್ಚಿದ ಹೊತ್ತಿನಿಂದ ಹೇಳಿ" ಎಂದೆ. ಮೊದಲ ಕೊಳಗದ ಸಾರು ಆ ದಿನ ಬೆಳಗ್ಗೆ ಮಾಡಿದ್ದು. ಎರಡನೆಯದು ಹಿಂದಿನ ರಾತ್ರಿಯೇ ಬೇಯಿಸಿ, ಮುಚ್ಚಿಟ್ಟು, ಬೆಳಗ್ಗೆ ತಳ ಹಿಡಿಯದಿರಲೆಂದು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದ್ದು. ಮೊದಲ ಕೊಳಗ ಖಾಲಿಯಾದ ಮೇಲೆ ಬಡಿಸಿದ್ದು ಅದನ್ನೇ.

ಗಂಟೆ, ಲಕ್ಷಣ, ಕೊಳಗ ಮೂರೂ ಹೊಂದಿದ್ದು ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾಕ್ಕೆ. ಇದರ ಬೀಜಕಣಗಳು ಕುದಿಯುವ ಸಾರಿನಲ್ಲೂ ಬದುಕುತ್ತವೆ. ದೊಡ್ಡ ಪಾತ್ರೆಯ ನಡುಭಾಗ ಆರಲು ರಾತ್ರಿಯೆಲ್ಲಾ ಬೇಕು. 43ರಿಂದ 47 ಡಿಗ್ರಿ ಸೆಲ್ಸಿಯಸ್ ಸುತ್ತ ಬಂದಾಗ ಬೀಜಕಣಗಳಿಂದ ಮೊಳೆತ ಈ ಬ್ಯಾಕ್ಟೀರಿಯಾ ಸುಮಾರು ಹತ್ತು ನಿಮಿಷಕ್ಕೊಮ್ಮೆ ಎರಡರಷ್ಟಾಗಬಲ್ಲದು. ಬೆಳಗ್ಗೆ ಚೆನ್ನಾಗಿ ಕುದಿಸಿದ್ದರೆ ಹೀಗೆ ಬೆಳೆದ ಬ್ಯಾಕ್ಟೀರಿಯಾಗಳು ಸಾಯುತ್ತಿದ್ದವು. ಬೆಚ್ಚಗೆ ಮಾಡಿದ್ದರಿಂದ ಉಳಿದವು. ಹೊಟ್ಟೆ ಸೇರಿದ ಮೇಲೆ ಕರುಳಿನಲ್ಲಿ ನಂಜು ಬಿಡುತ್ತವೆ, ಹಾಗಾಗಿಯೇ ಆ ಎಂಟು ಹತ್ತು ಗಂಟೆಗಳ ಅಂತರ.

ಪ್ರಯೋಗಾಲಯದಿಂದ ಕಾಲರಾ, ಸಾಲ್ಮೊನೆಲ್ಲಾ, ಶಿಗೆಲ್ಲಾ ಇಲ್ಲವೆಂದು ವರದಿ ಬಂತು. ಪರ್‌ಫ್ರಿಂಜೆನ್ಸ್ ಬೆಳೆಸಲು ಆಮ್ಲಜನಕವಿಲ್ಲದ ವ್ಯವಸ್ಥೆ ಬೇಕು, ಅಲ್ಲಿ ಅದಿರಲಿಲ್ಲ. ಉಳಿದ ಸಾರನ್ನು ಆ ಮನೆಯವರು ಆಗಲೇ ಚೆಲ್ಲಿದ್ದರು. ವರದಿಯಲ್ಲಿ 'ಶಂಕಿತ' ಎಂದೇ ಬರೆದೆ. ಕ್ರಮ ಕೈಗೊಳ್ಳಲು ಅಷ್ಟು ಸಾಕಾಗಿತ್ತು.

ಆಹಾರ ಸುರಕ್ಷತಾ ಅಧಿಕಾರಿಯ ಜೊತೆ ಕೂತು ಆ ಹೋಬಳಿಯ ಬಾಡೂಟದ ಅಡುಗೆಯವರನ್ನೆಲ್ಲ ಕರೆಸಿದೆವು. ಬಿಸಿ ಸಾರು 60 ಡಿಗ್ರಿಗಿಂತ ಮೇಲಿರಲಿ, ಉಳಿಸುವುದಾದರೆ ಅಗಲ ತಟ್ಟೆಗಳಿಗೆ ಸುರಿದು ಬೇಗ ಆರಿಸಿ ಎಂದಾಗ, "ಅಷ್ಟು ತಟ್ಟೆ ಎಲ್ಲಿಂದ ತರೋದು ಮೇಡಂ, ಫ್ರಿಜ್ಜು ಎಲ್ಲಿಂದ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಕೊನೆಗೆ ದಾರಿ ಹೇಳಿದ್ದೂ ಅವರಲ್ಲೇ ಹಿರಿಯರೊಬ್ಬರು: ರಾತ್ರಿ ಮಸಾಲೆ ಮಾತ್ರ ರುಬ್ಬಿಟ್ಟುಕೊಳ್ಳುವುದು, ಎರಡು ಒಲೆ ಹೆಚ್ಚಿಗೆ ಹೂಡಿ ಮಾಂಸವನ್ನು ಅವತ್ತೇ ಬೆಳಗಿನ ಜಾವ ಬೇಯಿಸುವುದು, ಒಲೆಯ ಕೂಲಿಯನ್ನು ಊಟ ಹಾಕಿಸುವವರಿಂದ ಮೊದಲೇ ಮಾತಾಡಿಕೊಳ್ಳುವುದು.